ಒಬ್ಬರೇ ಬೀರು ಇಳಿಸುವ ಹಲಗೆ ಮಾವ

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಒಂದು ಪಿಕಪ್ ಗಾಡಿ ಮನೆಯೊಂದರ ಮುಂದೆ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ನಿಂತದ್ದು ಎರಡಡಿ ಮುಂದೆ ಹೋಗಿ ಮತ್ತೆ ಹಿಂದೆ ಬರುತ್ತದೆ. ಚಾಲಕ ಹುಡುಕುತ್ತಿರುವುದು ರಸ್ತೆಯ ತಗ್ಗನ್ನು. ಹಿಂಚಕ್ರ ತಗ್ಗಿನಲ್ಲಿ ಕೂತರೆ ಗಾಡಿಗೂ ಹೊಸ್ತಿಲಿಗೂ ಇರುವ ಎತ್ತರದ ಅಂತರ ಒಂದು ಗೇಣು ಕಡಿಮೆಯಾಗುತ್ತದೆ.

ಇಳಿದು ಬರುವ ಮನುಷ್ಯ ಕುಳ್ಳ, ತೆಳ್ಳಗೆ, ವಯಸ್ಸು ಐವತ್ನಾಲ್ಕು. ಗಾಡಿಯಲ್ಲಿ ಮಲಗಿರುವ ಕಬ್ಬಿಣದ ಬೀರು ನೂರಹತ್ತು ಕಿಲೋ. ಜೊತೆಗೆ ಇನ್ನೊಬ್ಬ ಆಳಿಲ್ಲ. ಎರಡು ಹಲಗೆ ಇಳಿಜಾರಾಗಿ ಒರಗುತ್ತವೆ, ಅವುಗಳ ಬುಡಕ್ಕೆ ಒಂದು ಹಳೇ ಟೈರು. ಬೀರಿನ ಅಡಿಗೆ ಕಂಬಳಿ ಸೇರುತ್ತದೆ, ಸುತ್ತ ಹಗ್ಗ ಬೀಳುತ್ತದೆ. ಹಗ್ಗದ ತುದಿ ಗಾಡಿಯ ಕಂಬಿಗೆ ಒಂದು ಸುತ್ತು ಸುತ್ತಿ ಅವರ ಕೈಗೆ ಬರುತ್ತದೆ.

ಮನೆಯ ಯಜಮಾನರು ಬನಿಯನ್ನಿನಲ್ಲೇ ಓಡಿ ಬರುತ್ತಾರೆ. "ತಡೀರಿ, ನಾನೂ ಒಂದು ಕೈ ಹಾಕ್ತೀನಿ."

"ಬೇಡಿ ಯಜಮಾನ್ರೇ. ಬಾಗಿಲು ಹಿಡ್ಕೊಂಡು ನಿಂತ್ರೆ ಅದೇ ದೊಡ್ಡ ಉಪಕಾರ."

ಹಗ್ಗ ಅಂಗುಲ ಅಂಗುಲವಾಗಿ ಸಡಿಲವಾಗುತ್ತದೆ. ಬೀರು ಕಾಲು ಮುಂದೆ ಮಾಡಿಕೊಂಡು ಜಾರಿ, ಟೈರಿನ ಮೇಲೆ ಕೂರುತ್ತದೆ. ಅವರು ಮೇಲಿನಿಂದ ಒಮ್ಮೆ ದೂಡಿದರೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಒಂದು ಮೂಲೆ, ಇನ್ನೊಂದು ಮೂಲೆ ಎಂದು ಓಲಾಡಿಸುತ್ತಾ ಅದನ್ನು ಒಳಗೆ ನಡೆಸಿಕೊಂಡು ಹೋಗುತ್ತಾರೆ, ಅಜ್ಜಿಯನ್ನು ಕೈಹಿಡಿದು ಕರೆದೊಯ್ದ ಹಾಗೆ.

"ಭಾರ ಹಿಡಿಯೋದು ಕಂಬಿ. ನಾನು ಬರೀ ಹಗ್ಗ ಬಿಡೋನು," ಎನ್ನುತ್ತಾರೆ ಬೆವರು ಒರೆಸಿಕೊಳ್ಳುತ್ತಾ. ಅಂಗಡಿ ಬೀದಿಯಲ್ಲಿ ಇವರನ್ನು ಎಲ್ಲರೂ ಹಲಗೆ ಮಾವ ಅಂತಲೇ ಕರೆಯುತ್ತಾರೆ.

ದಿನಕ್ಕೆ ಏಳೆಂಟು ಸಾಮಾನು: ಫ್ರಿಜ್ಜು, ಬೀರು, ಮಂಚ, ಬಟ್ಟೆ ಒಗೆಯುವ ಯಂತ್ರ. ಒಬ್ಬರೇ ಇಳಿಸತೊಡಗಿದ ಹನ್ನೊಂದು ವರ್ಷದಲ್ಲಿ ಬಿದ್ದದ್ದು ಎರಡೇ ಗೀರು. "ಒಂದು ಗಿರಾಕಿ ಮನೆ ಬೆಕ್ಕಿಂದು. ಇನ್ನೊಂದು ನಂದೇ." ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಡತಿ ಇಷ್ಟಕ್ಕೆಲ್ಲ ಮರುಳಾಗುವವರಲ್ಲ. "ಊರಿನ ಬೀರೆಲ್ಲ ಇಳಿಸಿ ಬರ್ತಾರೆ. ಉಂಡ ತಟ್ಟೆ ಎತ್ತಿಡೋಕೆ ಮಾತ್ರ ಇವರಿಗೆ ಸೊಂಟ ಹಿಡ್ಕೊಳ್ಳುತ್ತೆ."

ಇವತ್ತು ರಸ್ತೆಯ ಆಚೆ ಬದಿಯಲ್ಲಿ ಬೈಕಿಗೆ ಒರಗಿ ಇನ್ನೊಬ್ಬರು ನೋಡುತ್ತಿದ್ದಾರೆ. ಈ ಸಾಮಾನು ಕಳಿಸುವ ಅಂಗಡಿಗೆ ಹೊಸದಾಗಿ ಬಂದ ಮ್ಯಾನೇಜರ್. ಮುಂದಿನ ತಿಂಗಳಿಂದ ಗಾಡಿಗೆ ಇಬ್ಬರು ಇರಲೇಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಅವರು ಹೇಳಿದ್ದಾರೆ. ವಿಮೆಯವರ ನಿಯಮವಂತೆ. ಜೊತೆಗಾರನನ್ನು ಕರೆತರುವುದು ಏನು ಕಷ್ಟ? ಬರಲು ಸಿದ್ಧರಿರುವವರು ಬೀದಿಯಲ್ಲೇ ನಾಲ್ಕು ಜನರಿದ್ದಾರೆ. ಹಲಗೆ ಮಾವ ಒಬ್ಬರನ್ನೂ ಒಪ್ಪಿಲ್ಲ.

ಯಾಕೆ ಎಂದು ಕೇಳಿದರೆ ಹಗ್ಗ ಸುತ್ತುತ್ತಾ ಹೇಳುತ್ತಾರೆ.

"ಮುಂಚೆ ನಾನೂ ಅಣ್ಣನೂ ಜೋಡಿ. ಒಂದು, ಎರಡು, ಮೂರು ಅಂತ ಎಣಿಸಿ ಎತ್ತೋದು. ಅವನಿಗೆ ಮೂರು ಅಂದ ಮೇಲೆ ಎತ್ತಿ ಅಭ್ಯಾಸ. ನಂಗೆ ಮೂರು ಅನ್ನುವಾಗಲೇ. ಸಣ್ಣ ಸಾಮಾನಿಗೆ ಅದು ಗೊತ್ತೇ ಆಗ್ತಿರಲಿಲ್ಲ. ಒಂದಿನ ಹಿಟ್ಟಿನ ಗಿರಣಿ ಯಂತ್ರ ಇಳಿಸ್ತಿದ್ವಿ. ನನ್ನ ಕಡೆ ಮೊದಲೇ ಎದ್ದುಬಿಡ್ತು. ಪೂರ್ತಿ ಭಾರ ಅವನ ಕಡೆ ವಾಲಿತು."

ಅಣ್ಣನ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಈಗ ಕೋಲೂರಿ ನಡೆಯುತ್ತಾರೆ, ಮನೆಯಲ್ಲೇ ಕೂತು ಫ್ಯಾನು ರಿಪೇರಿ ಮಾಡುತ್ತಾರೆ. ಎರಡು ಮನೆಗೂ ಒಂದೇ ಅಂಗಳ. ದಿನಾ ಮಾತಾಡುತ್ತಾರೆ, ಆ ದಿನದ ಬಗ್ಗೆ ಮಾತ್ರ ಇಬ್ಬರೂ ಬಾಯಿ ಬಿಟ್ಟಿಲ್ಲ. "ಇನ್ನೊಬ್ಬರ ಬೆನ್ನು ನನ್ನ ಕೈಲಿ ಇರಬಾರದು, ಅಷ್ಟೇ," ಎನ್ನುತ್ತಾರೆ ಹಲಗೆ ಮಾವ.

ಮ್ಯಾನೇಜರ್ ರಸ್ತೆ ದಾಟಿ ಬರುತ್ತಾರೆ. ಒಳಗೆ ಹೋಗಿ ಬೀರನ್ನು ಸುತ್ತು ಹಾಕಿ, ಬಾಗಿಲ ಚೌಕಟ್ಟನ್ನು ಸವರಿ ನೋಡುತ್ತಾರೆ. ಎಲ್ಲೂ ಗೀರಿಲ್ಲ.

"ಕೆಲಸದಲ್ಲಿ ತಪ್ಪು ಹುಡುಕೋ ಹಾಗಿಲ್ಲ ಮಾವ. ಆದ್ರೆ ನಿಯಮ ನನ್ನ ಕೈಲಿಲ್ಲ. ಗಾಡಿ ಹತ್ತಿರ ಇನ್ನೊಬ್ಬರು ಇರಲೇಬೇಕು."

"ಇದ್ರೆ ಸಾಕಾ? ಎತ್ತಲೇಬೇಕಾ?"

ಮ್ಯಾನೇಜರ್ ಫೋನಿನಲ್ಲಿ ನಿಯಮ ತೆರೆದು ಓದುತ್ತಾರೆ. "ಎತ್ತಬೇಕು ಅಂತ ಎಲ್ಲೂ ಬರೆದಿಲ್ಲ. ನಿಮಗೇನಾದ್ರೂ ಆದ್ರೆ ಕೂಗಿ ಹೇಳೋರು ಒಬ್ಬರು ಬೇಕು."

ಬೈಕು ಹೊರಟು ಹೋಗುತ್ತದೆ. ಹಲಗೆ ಮಾವ ಗಾಡಿಯ ಎಡಬಾಗಿಲು ತೆಗೆದು, ಪಕ್ಕದ ಸೀಟಿನ ಮೇಲೆ ವರ್ಷಗಳಿಂದ ರಾಶಿ ಬಿದ್ದಿರುವ ಚಿಂದಿ, ಸ್ಪ್ಯಾನರು, ಖಾಲಿ ಬಾಟಲಿಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆಯುತ್ತಾರೆ. ಸೀಟಿನ ಧೂಳನ್ನು ಅಂಗೈಯಲ್ಲೇ ಜಾಡಿಸುತ್ತಾರೆ.

"ಸಂಜೆ ಅಣ್ಣನ್ನ ಕೇಳ್ತೀನಿ," ಎನ್ನುತ್ತಾರೆ. "ಬರ್ತಾನೋ ಇಲ್ವೋ ಗೊತ್ತಿಲ್ಲ. ಕೇಳೋಕೆ ಮುಂಚೆ ಆ ದಿನದ್ದು ಇನ್ನೊಂದು ಮಾತಿದೆ, ಅದನ್ನ ಹೇಳ್ಬೇಕು. ಹನ್ನೊಂದು ವರ್ಷ ಆಯ್ತು, ಇಳಿಸೋಕೆ ಆಗದೇ ಇರೋದು ಅದೊಂದೇ."