ಹಸಿರು ಸೀರೆ ಉಟ್ಟ ಕೆರೆ

ಭಾಲ್ಕಿಗೆ ಇನ್ನೂ ರೈಲು ಬಂದಿರದ ಕಾಲ. ನಿಜಾಮ್ ಸರ್ಕಾರದಲ್ಲಿ ನಾನು ಆ ತಾಲೂಕಿನ ಸಲೋತ್ರಿ, ಅಂದರೆ ದನದ ಡಾಕ್ಟರು. ಬೀದರಿನಿಂದ ವರ್ಗವಾಗಿ ಬಂದವನು ಔರಾದಿನ ಗಡಿಯವರೆಗೂ ಕುದುರೆಯ ಮೇಲೆ ತಿರುಗುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಬೇಸಿಗೆಯ ಒಂದು ಮುಂಜಾನೆ ಸಿಟ್ಟೆಲ್ಲ ಇಳಿದು ಕೈಕಾಲು ನಡುಗಿದ್ದು ಈಗಲೂ ನೆನಪಿದೆ.

ಔರಾದಿನ ದಾರಿಯ ಹಳ್ಳಿಯೊಂದರಿಂದ ಕುರಿಗಾರ ಬೀರಪ್ಪ ಓಡಿಬಂದ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗೆ ಇಳಿಸಿ ತೊಳೆಯುವುದು ಅವರ ವಾಡಿಕೆ. ಹಿಂದಿನ ದಿನ ಹಾಗೆ ತೊಳೆದ ಕುರಿಗಳಲ್ಲಿ ಅರ್ಧದಷ್ಟು ಸಂಜೆಯೊಳಗೆ ಕಾಲು ಒದ್ದುಕೊಂಡು ಸತ್ತಿದ್ದವು.

"ಯಾರರ ವಿಷ ಹಾಕ್ಯಾರೇನ್ರಿ ಸಾಹೇಬ್ರೆ?" ಎಂದ.

ಆಂಥ್ರಾಕ್ಸ್ ಇರಬಹುದೆಂದು ಹೊರಟೆ. ಆ ರೋಗದಲ್ಲಿ ಸತ್ತ ಕುರಿಯ ಮೂಗಿನಿಂದ ರಕ್ತ ಸೋರುವುದುಂಟು. ಇಲ್ಲಿ ರಕ್ತದ ಸುಳಿವಿಲ್ಲ, ತುಟಿಗೆಲ್ಲ ಹಸಿರು ನೊರೆ.

ಕೆರೆಗೆ ಹೋದೆ. ನೀರು ತಳ ಕಂಡಿತ್ತು. ಗಾಳಿ ತಳ್ಳಿದ ಕಡೆಗೆ, ಹೆಂಗಸರು ಕೊಡ ತುಂಬುವ ಮೆಟ್ಟಿಲ ಬಳಿಯೇ, ದಪ್ಪ ಹಸಿರು ಕೆನೆ ಕಟ್ಟಿತ್ತು. ಕೋಲು ಅದ್ದಿ ಎತ್ತಿದೆ. ಸಾಮಾನ್ಯ ಪಾಚಿಯಾಗಿದ್ದರೆ ಎಳೆಎಳೆಯಾಗಿ ಜೋತುಬೀಳಬೇಕು. ಇದು ಬಣ್ಣದ ಹಾಗೆ ಮೆತ್ತಿಕೊಂಡಿತು. ನೀಲಿಹಸಿರು ಆಲ್ಗೆ ಎಂಬ ಅತಿ ಸೂಕ್ಷ್ಮ ಜೀವಿ ಬಿಸಿಲಿಗೆ ನಿಂತ ಕೊಳಕು ನೀರಿನಲ್ಲಿ ಹೀಗೆ ಉಕ್ಕುತ್ತದೆ, ಕೆಲವು ಜಾತಿ ವಿಷ ಕಾರುತ್ತವೆ ಎಂದು ಕಾಲೇಜಿನಲ್ಲಿ ಮೇಷ್ಟರು ಹೇಳಿದ್ದರು. ಅದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಅಷ್ಟರಲ್ಲಿ ಹಲಗೆ ವಾದ್ಯ ಬಡಿಯುವ ಸದ್ದು ಕೇಳಿಸಿತು. ಬೀರಪ್ಪನ ಹೆಂಡತಿ ಮಾಳವ್ವ ಮುಂದೆ, ಹಸುಗೂಸು ಎತ್ತಿಕೊಂಡ ಸೊಸೆ ಲಕ್ಷ್ಮವ್ವ ಹಿಂದೆ, ಜೊತೆಗೆ ಓಣಿಯ ಹೆಂಗಸರು. ಬಾಣಂತಿ ಮೊದಲ ಸಲ ಹೊರಗೆ ಬಂದು ಗಂಗೆ ಪೂಜೆ ಮಾಡಿ, ಮೂರು ಬೊಗಸೆ ನೀರು ಕುಡಿದು, ಕೂಸಿನ ತುಟಿಗೂ ಹನಿ ಹಚ್ಚುವ ಪದ್ಧತಿ ಅವರದು. ಬೀರಪ್ಪ ಕುರಿಯ ಹಿಂದೆ ಊರೂರು ತಿರುಗುತ್ತಿದ್ದುದರಿಂದ ಪೂಜೆ ಮುಂದೆ ಬಿದ್ದಿತ್ತು. ಕುರಿ ಸತ್ತದ್ದು ಗಂಗವ್ವನ ಮುನಿಸಿನಿಂದ ಎಂದು ಮಾಳವ್ವ ತೀರ್ಮಾನಿಸಿಬಿಟ್ಟಿದ್ದಳು.

"ನೋಡ್ರಿ ಸಾಹೇಬ್ರೆ, ಹಸರ್ ಸೀರಿ ಉಟ್ಕೊಂಡು ಕಾಯ್ಕೋತ ಕುಂತಾಳ ನಮ್ಮವ್ವ. ಇವತ್ತ ಪೂಜಿ ಮಾಡ್ಲಿಲ್ಲಂದ್ರ ಮನಿಗೇ ಕೈ ಹಾಕ್ತಾಳ."

"ಯಾರೂ ನೀರು ಮುಟ್ಟಬ್ಯಾಡ್ರಿ. ಸರ್ಕಾರಿ ಹುಕುಂ ಅದ," ಎಂದು ಕೂಗಾಡಿದೆ.

"ಹುಕುಂ ಕಚೇರ್ಯಾಗ ನಡಸ್ರಿ. ಗಂಗವ್ವಗ ಯಾವ ಹುಕುಂರಿ?"

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಲಕ್ಷ್ಮವ್ವ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಮೆಟ್ಟಿಲಿಳಿದು ಅರಿಷಿಣ ಕುಂಕುಮ ಬಿಟ್ಟಳು. ಕೆನೆಯನ್ನು ಸರಿಸಿ ಬೊಗಸೆ ತುಂಬಿಕೊಂಡಳು.

ನಮ್ಮ ವಾದದ ನಡುವೆ ಬೀರಪ್ಪನ ಕುರಿನಾಯಿ ನೀರಿಗಿಳಿದು ಬಂದು ಮೈ ನೆಕ್ಕಿಕೊಳ್ಳುತ್ತಿತ್ತು. ಈಗ ಅದರ ಮುಂಗಾಲು ಕುಸಿದವು. ಎದ್ದಿತು, ಮತ್ತೆ ಬಿತ್ತು, ಸೆಟೆದುಕೊಂಡಿತು. ಬೂಟುಗಾಲಲ್ಲೇ ಕೆಸರಿಗಿಳಿದು ಲಕ್ಷ್ಮವ್ವನ ಮುಂದೆ ನಿಂತೆ. ಬೈಯುವುದನ್ನು ಬಿಟ್ಟು ಎರಡೂ ಕೈ ಚಾಚಿದೆ.

"ಯವ್ವಾ, ನನಗ ಅಂಜಿಕಿ ಬಂದದ," ಎಂದೆ ಮಾಳವ್ವನಿಗೆ. "ನನ್ನ ಕೈ ನೋಡ್ರಿ, ಹ್ಯಾಂಗ ನಡಗಲಾಕತ್ತಾವ. ಗಂಗವ್ವಗ ಬ್ಯಾನಿ ಆಗ್ಯದ. ಬ್ಯಾನಿ ಬಿದ್ದಾಕಿ ಕೈಲಿಂದ ಬಾಣಂತಿಗಿ ನೀರು ಕುಡಸ್ತೀರೇನು?"

ಮಾಳವ್ವ ನನ್ನ ಕೈ ನೋಡಿದಳು. ನಾಯಿಯನ್ನು ನೋಡಿದಳು. ಹಲಗೆ ನಿಂತಿತ್ತು.

"ಚೆಲ್ಲು ಲಕ್ಷ್ಮವ್ವ. ಮ್ಯಾಲ ಬಾ."

ಬೊಗಸೆ ತುಟಿಯ ಹತ್ತಿರವೇ ಇತ್ತು. ಹುಡುಗಿ ಚೆಲ್ಲಿದಳು. ಬಾವಿಯ ನೀರು ತರಿಸಿ ಅವಳ ಕೈ ತೊಳೆಸಿದೆ. ಮಾಳವ್ವ ತನ್ನ ಸೆರಗಿನಿಂದ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಹನಿಯೂ ತಾಗದ ಕೂಸಿನ ತುಟಿಯನ್ನೂ ಒರೆಸಿದಳು, ಒರೆಸುತ್ತಲೇ ಇದ್ದಳು. ನಾಯಿ ಉಳಿಯಲಿಲ್ಲ.

ಬೀರಪ್ಪ ಕೆರೆಯ ಸುತ್ತ ಜಾಲಿಮುಳ್ಳು ಹಚ್ಚಿದ. ನೀರು ತರುವುದು, ಮೀನು ಹಿಡಿಯುವುದು, ದನಕರು ಇಳಿಸುವುದು ಎಲ್ಲ ಬಂದ್ ಆಯಿತು. ನೀರಿಗೆ ಬಿದ್ದ ನಾಯಿಯನ್ನು ಮೈ ನೆಕ್ಕುವ ಮುಂಚೆಯೇ ಬಾವಿ ನೀರಲ್ಲಿ ತೊಳೆಯಬೇಕೆಂದು ಮನೆಮನೆಗೂ ಹೇಳಿದೆ. ಕುದಿಸಿದರೂ ಆ ವಿಷ ಹೋಗದು ಎಂಬುದು ಮುಂದೆ ಓದಿ ತಿಳಿದದ್ದು. ಗಂಗೆ ಪೂಜೆ ಬಾವಿಯ ಕಟ್ಟೆಯ ಮೇಲೆ ನಡೆಯಿತು.

ಅಪಾಯ ಕಂಡ ಅಧಿಕಾರಿ ತನ್ನ ಅಂಜಿಕೆಯನ್ನು ಜನರಿಂದ ಮುಚ್ಚಿಡಬಾರದು. ನೌಕರಿ ನನಗೆ ಕಲಿಸಿದ್ದು ಇಷ್ಟು, ಕಲಿಸಿದವಳು ಮಾಳವ್ವ. ನಾನು ಕುದುರೆ ಹತ್ತುವಾಗ ಅವಳು ಅಂದಿದ್ದಳು:

"ಒದರಿದಾಗ ಸರ್ಕಾರದವ್ರು ಅನ್ಕೊಂಡೆರಿ. ನಡಗಿದಾಗ ನಮ್ಮ ಮನಿ ಮಂದಿ ಅಂತ ಗೊತ್ತಾತು."