ಮೆಟ್ಟಿಲ ದೀಪದ ಕೊನೆಯ ಮಾತು

ನಮ್ಮ ವೈರ್‌ಮನ್ ವಾರವೆಲ್ಲ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು, ಭಾನುವಾರ ಮಾತ್ರ ಮನೆಗಳ ವೈರಿಂಗ್ ಮಾಡುತ್ತಿದ್ದ. ಕಿವಿಯ ಮೇಲೆ, ಬೇರೆಯವರು ಬೀಡಿ ಸಿಕ್ಕಿಸುವ ಜಾಗದಲ್ಲಿ, ಟೆಸ್ಟರ್ ಇರುತ್ತಿತ್ತು. ಏನು ಕೇಳಿದರೂ ಬಾಯಲ್ಲಿ ವಿವರಿಸುತ್ತಿರಲಿಲ್ಲ. "ಇಡ್ಕಳಿ ಸಾರ್, ಗೊತ್ತಾಯ್ತದೆ" ಎಂದು ಕೈಗೆ ಏನಾದರೂ ಕೊಡುತ್ತಿದ್ದ.

ತೊಂಬತ್ತರ ದಶಕದಲ್ಲಿ ನಾನು ಲಗ್ಗೆರೆಯಲ್ಲಿ ಮನೆ ಕಟ್ಟಿಸಿ, ಮಹಡಿಯನ್ನು ಒಬ್ಬ ಟೀಚರಮ್ಮನಿಗೆ ಬಾಡಿಗೆಗೆ ಕೊಟ್ಟಿದ್ದೆ. ಮೆಟ್ಟಿಲಿನ ಒಂದೇ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಬೇಕಿತ್ತು.

"ಕೊನೇ ಮಾತು ಮಾತ್ರ ನನ್ನ ಸ್ವಿಚ್ಚಿಂದೇ ಇರ್ಲಿ. ನಾನು ಆರಿಸಿದ್ರೆ ಆರಿರ್ಬೇಕು" ಎಂದೆ.

ಆತ ಕೆಂಪು, ಹಳದಿ ಎರಡು ವೈರುಗಳನ್ನು ಮೆಟ್ಟಿಲುದ್ದಕ್ಕೂ ಹಾಸಿ, ಕೆಳತುದಿಯಲ್ಲಿ ನನ್ನನ್ನೂ ಮೇಲ್ತುದಿಯಲ್ಲಿ ಟೀಚರಮ್ಮನನ್ನೂ ನಿಲ್ಲಿಸಿದ. "ಒಬ್ಬೊಬ್ರು ಒಂದೊಂದೇ ಇಡ್ಕಳಿ. ಇಬ್ರೂ ಒಂದೇ ಬಣ್ಣ ಇಡುದ್ರೆ ಲೈಟು. ಬೇರೆ ಬೇರೆ ಆದ್ರೆ ಕತ್ಲೆ."

ಇಬ್ಬರೂ ಕೆಂಪು ಹಿಡಿದೆವು. "ಲೈಟು" ಎಂದ. ನಾನು ಬೇಕೆಂದೇ ಹಳದಿಗೆ ಬದಲಾಯಿಸಿದೆ. "ಕತ್ಲೆ." ಟೀಚರಮ್ಮ ನಗುತ್ತಾ ತಾವೂ ಹಳದಿ ಹಿಡಿದರು. "ಲೈಟು."

"ಹಾಗಾದ್ರೆ ಕೊನೇ ಮಾತು ಯಾರ್ದಯ್ಯಾ?"

"ಆಮೇಲೆ ಮುಟ್ಟಿದೋರ್ದು ಸಾರ್" ಎನ್ನುತ್ತಾ ಅವೇ ಎರಡು ವೈರುಗಳನ್ನು ಗೋಡೆಯ ಪೈಪಿನೊಳಗೆ ಎಳೆದುಕೊಂಡ.

ಸಂಜೆ ಆತ ಸೈಕಲ್ ಹತ್ತಿ ಹೋದ ಮೇಲೆ ನಾನು ಕೆಳಗಿನಿಂದ ದೀಪ ಆರಿಸಿ ನೋಡಿದೆ. ಆ ಕ್ಷಣವೇ ಮೇಲೆ ಟಕ್ ಎಂದಿತು, ದೀಪ ಹೊತ್ತಿತು. ಮತ್ತೆ ಆರಿಸಲು ಕೈ ಚಾಚಿದವನು, ಗೋಡೆಯೊಳಗೆ ನಾವಿಬ್ಬರೂ ಈಗ ಒಂದೇ ಬಣ್ಣ ಹಿಡಿದಿದ್ದೇವೆ ಎಂದುಕೊಂಡು ಕೈ ಹಿಂದಕ್ಕೆ ತೆಗೆದುಕೊಂಡೆ.