ಗುಮ್ಮಟನಿಗೆ ವಿಷ ಹಾಕಿದ್ದು ಯಾರು?

ನಮ್ಮ ಬೀದಿಯ ಬೀಗ ರಿಪೇರಿಯವನು ತನ್ನ ನೆರಳನ್ನೂ ನಂಬುವವನಲ್ಲ. ಮನೆಗೆ ಏಳು ಬೀಗ. ಅಷ್ಟನ್ನೂ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತ ನೆಂಟರಿಗೆ ಗಡ್ಡ ಬೆಳೆಯುತ್ತಿತ್ತು. ಹೆಂಡತಿ ಬದುಕಿದ್ದಷ್ಟು ದಿನ ಅವಳಿಗೂ ಬೀಗದ ಕೈ ಕೊಟ್ಟವನಲ್ಲ. ಅವಳು ಹೋದ ಮೇಲೆ ಅವನು ನಂಬಿದ್ದು ಒಂದೇ ಜೀವವನ್ನು, ಆರು ತಿಂಗಳ ಗಿಡ್ಡ ನಾಯಿಮರಿಯನ್ನು. ತಲೆ ಗುಂಡಗೆ ಉಬ್ಬಿದ್ದರಿಂದ ಅದರ ಹೆಸರು ಗುಮ್ಮಟ.

ಒಂದು ಬೆಳಿಗ್ಗೆ ಗುಮ್ಮಟ ಧೊಪ್ಪನೆ ಬಿದ್ದು, ಕಾಲು ಸೆಟೆದು, ನೊರೆ ಕಾರುತ್ತ ಒದ್ದಾಡಿತು. ಎರಡು ನಿಮಿಷಕ್ಕೆ ಎದ್ದು ಗೋಡೆ ಗೋಡೆಗೂ ಡಿಕ್ಕಿ ಹೊಡೆಯಿತು.

ಬೀಗದವನು ನೇರ ಪಕ್ಕದ ಮನೆಯ ದರ್ಜಿಯ ಕಿಟಕಿಗೆ ಹೋದ. ನಾಯಿ ಬೊಗಳಿದರೆ ಹೊಲಿಗೆ ಸೊಟ್ಟಗಾಗುತ್ತದೆ ಎಂದು ದರ್ಜಿ ಹಿಂದಿನ ವಾರವಷ್ಟೇ ಗೊಣಗಿದ್ದ.

“ಬ್ರೆಡ್ಡಿನಲ್ಲಿ ಏನು ಬೆರೆಸಿ ಹಾಕಿದೆಯೋ?”

“ನನ್ನ ಚಹಾಕ್ಕೇ ಬ್ರೆಡ್ಡಿಲ್ಲ, ನಿನ್ನ ನಾಯಿಗೆಲ್ಲಿಂದ ತರ್ಲಿ? ಮೊದಲು ನಿನ್ನ ಬಾಯಿಗೊಂದು ಬೀಗ ಹಾಕ್ಕೋ ಹೋಗು!”

ಬಾಯಿಗೊಂದು ಬಿಟ್ಟು ಉಳಿದೆಲ್ಲಕ್ಕೂ ಬೀಗ ಬಿತ್ತು. ಕಿಟಕಿಗೆ, ಅನ್ನದ ಡಬ್ಬಿಗೆ, ನೀರಿನ ಕೊಡಕ್ಕೆ. ಏಳು ಬೀಗ ಹತ್ತೊಂಬತ್ತಾಯಿತು, ಗಾಳಿಯೂ ಹೊರಗೆ ನಿಂತು ಕೆಮ್ಮಿ ಬರಬೇಕಿತ್ತು. ಆದರೂ ಒಂಬತ್ತನೇ ದಿನ ಗುಮ್ಮಟ ಮತ್ತೆ ಬಿದ್ದಿತು.

ನಾಯಿಯನ್ನು ಎದೆಗವಚಿಕೊಂಡು ಪಶು ಆಸ್ಪತ್ರೆಗೆ ಓಡಿ, ಯಾರೋ ವಿಷ ಹಾಕಿದ್ದಾರೆ ಎಂದ. ಡಾಕ್ಟರಮ್ಮ ನೆತ್ತಿ ಸವರಿ, ಸ್ಕ್ಯಾನ್ ಮಾಡಿದರು.

“ನೆತ್ತಿಯ ಮೂಳೆ ಕೂಡಿಲ್ಲ. ಮಿದುಳೊಳಗೆ ನೀರು ತುಂಬಿದೆ. ಹುಟ್ಟಿನಿಂದ್ಲೇ ಇರೋದು. ಯಾರೂ ವಿಷ ಹಾಕಿಲ್ಲ.”

“ಯಾರೂ ಹಾಕದೆ ಹೇಗಮ್ಮಾ?”

“ಕಾರ್ಖಾನೆಯಿಂದ್ಲೇ ಒಳಗೆ ಕೆಟ್ಟು ಬಂದ ಬೀಗ ನೀವು ನೋಡಿಲ್ವಾ ಯಜಮಾನ್ರೇ?”

ನೋಡಿದ್ದ. ಅಂಥ ಬೀಗ ಕೆಟ್ಟಾಗಲೂ ಮನೆಯವರು ಕಳ್ಳನನ್ನೇ ಬೈಯುತ್ತಿದ್ದರು.

“ಪೂರ್ತಿ ವಾಸಿಯಾಗಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಮಾತ್ರೆ. ಒಂದು ಹೊತ್ತು ತಪ್ಪಿದ್ರೂ ಜೀವಕ್ಕೇ ಕುತ್ತು ಬರಬಹುದು.”

ಮೊದಲ ಮಾತ್ರೆಯನ್ನು ತಾನೇ ನೆಕ್ಕಿ ನೋಡಿದ, ಸಾಯಲಿಲ್ಲ. ಆಮೇಲೆ ನಾಯಿಗೆ ಕೊಟ್ಟ.

ತಿಂಗಳು ಕಳೆದು ಪಕ್ಕದ ಊರಿನ ಬ್ಯಾಂಕಿನ ತಿಜೋರಿಯ ಬೀಗ ಕಚ್ಚಿಕೊಂಡು ಇವನಿಗೆ ಕರೆ ಬಂತು. ಹೋದರೆ ಸಂಜೆ ಏಳರ ಮಾತ್ರೆಗೆ ವಾಪಸಾಗುವ ಮಾತಿಲ್ಲ. ಬೀಗದವನು ಬೀದಿಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಾಡಿ, ದರ್ಜಿಯ ಮುಂದೆ ಬೀಗದ ಕೈಗಳ ಗೊಂಚಲು ಚಾಚಿದ.

“ಇಷ್ಟೂ ಬೀಗ ತೆಗೆಯೋಷ್ಟರಲ್ಲಿ ನಾಳೆ ಏಳು ಗಂಟೆಯಾಗುತ್ತೆ!”

“ಐದಕ್ಕೇ ಶುರು ಮಾಡು.”

ರಾತ್ರಿ ಎಂಟಕ್ಕೆ ಬಂದಾಗ ಗುಮ್ಮಟ ದರ್ಜಿಯ ತೊಡೆಯ ಮೇಲೆ ಮಲಗಿತ್ತು. ಬೀಗದವನು ಮಾತ್ರೆ ಎಣಿಸಿದ. ಸರಿಯಾಗಿ ಒಂದು ಕಡಿಮೆ. ಉಗುಳಿರಬಹುದೆಂದು ಮಂಚದ ಕೆಳಗೆ ಬಗ್ಗಿದ, ಇಲ್ಲ. ನಾಯಿಯ ಬಾಯಿ ಮೂಸಿದ.

“ಬ್ರೆಡ್ ಹಾಕಿದ್ದೀಯ!”

“ಮಾತ್ರೆ ನುಂಗಿಸೋಕೆ ಕಣಯ್ಯಾ, ಒಂದು ಚೂರು. ತಗೋ ನಿನ್ನ ಗೊಂಚಲು.”

ಬೀಗದವನು ಕೈ ಚಾಚಲಿಲ್ಲ.

“ಇಟ್ಕೋ,” ಎಂದ. “ಒಂದೇ ಚೂರು ತಾನೆ?”